ಕೆನ್ ಟಿರೆಲ್: ಮರದ ವ್ಯಾಪಾರಿಯ ಓಟದ ಶಾಲೆ

ಓಟದ ಸ್ಪರ್ಧೆ ಎಂದೊಡನೆ ತುಳುನಾಡಿನವರಾದ ನಮಗೆ ಮೊದಲು ನೆನಪಾಗುವುದು ಕಂಬಳ. ಕರೆಯ ಬದಿಯಲ್ಲಿ ನಿಂತು ಕಂಬಳ ನೋಡಿದವರಿಗೆಲ್ಲ ಒಂದು ವಿಷಯ ಗೊತ್ತಿದೆ. ಕೋಣಗಳು ಯಜಮಾನರವು, ಓಡಿಸುವವನು ಬೇರೆ. ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ವರ್ಷವಿಡೀ ಕೋಣಗಳನ್ನು ಸಾಕುವ ಖರ್ಚು ಯಜಮಾನರದು. ಕೆಸರು ನೀರಿನಲ್ಲಿ ಹಗ್ಗ ಹಿಡಿದು ಓಡುವ ಕಾಲುಗಳು ಬೇರೊಬ್ಬ ತರುಣನವು. ಅವನ ಮನೆಯಲ್ಲಿ ಒಂದು ಜೊತೆ ಕೋಣ ಸಾಕುವ ಶಕ್ತಿ ಇರಬೇಕೆಂದಿಲ್ಲ. ಆದುದರಿಂದ ಬಲ್ಲ ಯಜಮಾನರು ಕೋಣವನ್ನು ಎಷ್ಟು ನೋಡಿ ಕೊಳ್ಳುತ್ತಾರೋ ಓಡಿಸುವ ಹುಡುಗನನ್ನೂ ಅಷ್ಟೇ ನೋಡಿ ಆರಿಸುತ್ತಾರೆ.

ಮೋಟಾರು ಓಟದ ಲೋಕದಲ್ಲಿಯೂ ಕ್ರಮ ಹೀಗೆಯೇ. ಕಾರು ತಂಡದ್ದು, ಓಡಿಸುವವನು ಬೇರೆ. ಅಂತಹ ಯಜಮಾನರಲ್ಲಿ ಹುಡುಗರನ್ನು ಗುರುತಿಸುವ ಕಣ್ಣಿಗಾಗಿ ಹೆಸರಾದವರು ಇಂಗ್ಲೆಂಡಿನ ಕೆನ್ ಟಿರೆಲ್. ಅವರ ಮೂಲ ಕಸುಬು ಮರದ ವ್ಯಾಪಾರ. ಅವರ ಓಟದ ಕಾರುಗಳು ಸಿದ್ಧವಾಗುತ್ತಿದ್ದುದು ಹಲಗೆಗಳನ್ನು ಪೇರಿಸಿಡುವ ಅಂಗಳದ ಒಂದು ಮರದ ಷೆಡ್ಡಿನಲ್ಲಿ. ಆ ಷೆಡ್ಡಿನಿಂದ ಹೊರಟ ಹುಡುಗರಲ್ಲಿ ಮೂವರು ಮುಂದೆ ವಿಶ್ವ ಚಾಂಪಿಯನ್ನರಾದರು.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ವೇಗದ ಚಾಲಕರ ಹೆಸರುಗಳು ಬಾಯಿಪಾಠ. ನೆರೆಯ ತಮಿಳುನಾಡಿನ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಟದಲ್ಲಿ ಭಾಗವಹಿಸಿದ ಮೊದಲ ಭಾರತೀಯರೆಂಬುದೂ ಗೊತ್ತು. ಆದರೆ ಅದೇ ಕೊಯಮತ್ತೂರಿನ ಕರಿವರ್ಧನ್ ಎಂಬವರು 1980ರ ದಶಕದಲ್ಲಿ ಮಾರುತಿ ಕಾರಿನ ಎಂಜಿನ್ನನ್ನು ಒಂಟಿ ಆಸನದ ಪುಟ್ಟ ಕಾರಿಗೆ ಕೂರಿಸಿ, ಕಡಮೆ ಖರ್ಚಿನಲ್ಲಿ ತರುಣರು ಓಟ ಕಲಿಯುವ ದಾರಿ ತೆರೆದರೆಂಬುದನ್ನು ಬಲ್ಲವರು ವಿರಳ. 1995ರಲ್ಲಿ ವಿಮಾನಾಪಘಾತದಲ್ಲಿ ಅವರು ತೀರಿಕೊಂಡರು. ಚೆಟ್ಟಿಪಾಳಯಂನ ಓಟದ ಪಥಕ್ಕೆ ಈಗ ಅವರ ಹೆಸರಿದೆ. ಓಡಿದವನನ್ನು ಜನ ನೆನೆಯುತ್ತಾರೆ. ಅವನನ್ನು ಮೊದಲ ಕಾರಿನಲ್ಲಿ ಕೂರಿಸಿದವರನ್ನು ಅಷ್ಟಾಗಿ ನೆನೆಯುವುದಿಲ್ಲ. ಆದುದರಿಂದಲೇ ಈ ಬಾರಿ ನಾವು ಟಿರೆಲ್ ಅವರ ಜೀವನವನ್ನು ಬರೆಯಹೊರಟಿದ್ದೇವೆ.

ರಾಬರ್ಟ್ ಕೆನ್ನೆತ್ ಟಿರೆಲ್ ಹುಟ್ಟಿದ್ದು 1924ನೆಯ ಇಸವಿ ಮೇ 3ರಂದು, ಲಂಡನ್ನಿನ ದಕ್ಷಿಣಕ್ಕಿರುವ ಸರ್ರೆ ಸೀಮೆಯ ಈಸ್ಟ್ ಹಾರ್ಸ್ಲಿ ಎಂಬ ಹಳ್ಳಿಯಲ್ಲಿ. ತಂದೆ ದೊಡ್ಡ ಜಮೀನೊಂದರ ಕಾಡುಪ್ರಾಣಿಗಳನ್ನು ಕಾಯುವ ಕೆಲಸದವರು. ಸಿರಿವಂತ ಮನೆತನವೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೆನ್ ವಾಯುಸೇನೆಯನ್ನು ಸೇರಿ ಬಾಂಬರ್ ವಿಮಾನಗಳಲ್ಲಿ ಫ್ಲೈಟ್ ಎಂಜಿನಿಯರ್ ಆದರು. ವಿಮಾನ ಹಾರಿಸುವವನು ಬೇರೆ. ಅವನ ಬಳಿಯಿದ್ದು ಎಂಜಿನ್ನುಗಳ ಬಿಸಿ, ಎಣ್ಣೆಯ ಒತ್ತಡ, ಪೆಟ್ರೋಲಿನ ಲೆಕ್ಕ ಇವುಗಳ ಮೇಲೆ ಕಣ್ಣಿಟ್ಟಿರುವುದೇ ಆ ಕೆಲಸ. ಮುಂದೆ ಬಾಳೆಲ್ಲ ಅವರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ ಎಂದು ನಮಗೆ ತೋರುತ್ತದೆ.

ಯುದ್ಧ ಮುಗಿದ ಮೇಲೆ ಅಣ್ಣತಮ್ಮಂದಿರು ಕೂಡಿ 'ಟಿರೆಲ್ ಬ್ರದರ್ಸ್' ಎಂಬ ಮರದ ವ್ಯಾಪಾರವನ್ನು ಆಕ್ಹಮ್ ಎಂಬ ಊರಿನಲ್ಲಿ ಆರಂಭಿಸಿದರು. ನಮ್ಮ ಕಡೆಯ ಮರದ ಮಿಲ್ಲುಗಳ ಮುಂದೆ ಹಾದುಹೋದವರಿಗೆ ಆ ಅಂಗಳದ ಚಿತ್ರ ಕಣ್ಣಿಗೆ ಕಟ್ಟೀತು. ಗರಗಸದ ಸದ್ದು, ಹೊಟ್ಟಿನ ವಾಸನೆ, ಲಾರಿಯಿಂದ ಇಳಿಯುವ ದಿಮ್ಮಿಗಳು. ಅಲ್ಲಿ ಮೋಟಾರು ಓಟದ ಸುಳಿವೇ ಇರಲಿಲ್ಲ. ಓಟದ ಹುಚ್ಚು ಹಿಡಿದದ್ದು ತೀರ ಆಕಸ್ಮಿಕವಾಗಿ. ಊರಿನ ಫುಟ್‌ಬಾಲ್ ಸಂಘದವರು ಬಸ್ಸು ಮಾಡಿಕೊಂಡು ಸಿಲ್ವರ್‌ಸ್ಟೋನಿನ ಓಟ ನೋಡಲು ಹೊರಟಾಗ ಕೆನ್ ಕೂಡ ಹೋದರು. ಅಲ್ಲಿ 500 ಸಿ.ಸಿ.ಯ ಪುಟ್ಟ ಕಾರುಗಳ ಓಟದಲ್ಲಿ ತಮ್ಮ ಸೀಮೆಯವರೇ ಆದ ಅಲನ್ ಬ್ರೌನ್ ಎಂಬವರು ಓಡುತ್ತಿದ್ದುದನ್ನು ಕಂಡರು. ಇದು ಪಕ್ಕದ ಊರಿನವರಿಗೂ ಸಾಧ್ಯ ಎಂಬುದು ಮನಸ್ಸಿಗೆ ಹೊಕ್ಕಿತು. ಊರಿಗೆ ಹಿಂತಿರುಗಿದ ಮೇಲೆ ಬ್ರೌನರ ಆ ಕೂಪರ್ ಕಾರನ್ನೇ ಕೊಂಡುಕೊಂಡರು.

ಅನಂತರ ಏಳೆಂಟು ವರ್ಷ ಅವರು ಸ್ವತಃ ಓಡಿದರು. ವಾರವಿಡೀ ಮರದ ವ್ಯಾಪಾರ, ರಜೆಯ ದಿನ ಓಟ. ಕೆಲವು ಓಟಗಳಲ್ಲಿ ಮುಂದಿನ ಸಾಲಿನಲ್ಲಿ ಬಂದರು, ಅಪರೂಪಕ್ಕೆ ಗೆದ್ದರು. 1958ರಲ್ಲಿ ಒಂದು ಮೆಟ್ಟಿಲು ಮೇಲಿನ ಫಾರ್ಮುಲಾ ಟೂ ವರ್ಗಕ್ಕೂ ಏರಿದರು. ಆದರೆ ತಮ್ಮಲ್ಲಿ ಚಾಂಪಿಯನ್ ಆಗುವ ಸತ್ತ್ವ ಇಲ್ಲವೆಂಬುದು ಅವರಿಗೆ ತಿಳಿಯಿತು. ಮೂವತ್ತೈದರ ಹರೆಯದಲ್ಲಿ, 1959ರಲ್ಲಿ, ಚಾಲಕನ ಆಸನದಿಂದ ಇಳಿದರು.

ಹೀಗೆ ಇಳಿಯುವುದು ಹೇಳಿದಷ್ಟು ಸುಲಭವಲ್ಲ. ಹಾಡಲು ಬಾರದವರೂ ವೇದಿಕೆ ಬಿಡದಿರುವುದನ್ನು ನಾವು ನೋಡುತ್ತಲೇ ಇದ್ದೇವೆ. ಟಿರೆಲ್ ವೇದಿಕೆ ಬಿಟ್ಟರು, ಆದರೆ ಓಟವನ್ನು ಬಿಡಲಿಲ್ಲ. ತನ್ನ ಕೈಯಲ್ಲಾಗದ್ದು ಯಾರ ಕೈಯಲ್ಲಾದೀತು ಎಂದು ಹುಡುಕತೊಡಗಿದರು.

ಆಗತಾನೆ ಫಾರ್ಮುಲಾ ಜೂನಿಯರ್ ಎಂಬ ಹೊಸ ವರ್ಗವೊಂದು ಹುಟ್ಟಿತ್ತು. ಇಟಲಿಯ ಜೊವಾನಿ ಲುರಾನಿ ಎಂಬವರ ಯೋಚನೆಯದು. ಪೇಟೆಯಲ್ಲಿ ಜನಸಾಮಾನ್ಯರು ಕೊಳ್ಳುವ ಕಾರಿನ ಎಂಜಿನ್ನನ್ನೇ ಬಳಸಬೇಕು, ಅದು 1,100 ಸಿ.ಸಿ. ಮೀರಬಾರದು ಎಂಬುದು ನಿಯಮ. ಖರ್ಚು ಕಡಮೆ. ಕಾರುಗಳ ನಡುವೆ ಬಲದ ವ್ಯತ್ಯಾಸವೂ ಹೆಚ್ಚಿಲ್ಲ. ಆದುದರಿಂದ ಯಾರು ಮುಂದೆ ಬಂದರೂ ಅದು ಬಹುಮಟ್ಟಿಗೆ ಚಾಲಕನ ಕೈಗುಣವೇ. ಹುಡುಗರನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೊಳಗ ಬೇರೊಂದಿರಲಿಲ್ಲ. 1960ರಲ್ಲಿ ಟಿರೆಲ್ ಕೂಪರ್ ಕಾರುಗಳನ್ನು ತಂದು ಮರದ ಅಂಗಳದ ಷೆಡ್ಡಿನಲ್ಲಿ ನಿಲ್ಲಿಸಿ, ಒಂದಿಬ್ಬರು ಮೆಕ್ಯಾನಿಕರನ್ನು ಇಟ್ಟುಕೊಂಡು ತಂಡ ಕಟ್ಟಿದರು. ಓಟದ ದಿನ ಪತ್ನಿ ನೋರಾ ಕೈಗಡಿಯಾರ ಹಿಡಿದು ಸುತ್ತುಗಳ ಲೆಕ್ಕ ಬರೆಯುತ್ತಿದ್ದರು. ಎಲ್ಲರಿಗೂ ಚಹಾ, ತಿಂಡಿ ಒದಗಿಸುತ್ತಿದ್ದವರೂ ಅವರೇ. ತಂಡ ಜಗತ್ಪ್ರಸಿದ್ಧವಾದ ಮೇಲೆಯೂ ಈ ಪದ್ಧತಿ ನಿಲ್ಲಲಿಲ್ಲ.

ಇಲ್ಲಿಂದ ಮುಂದೆ ಬರುವ ಚಾಲಕರನ್ನು ನಾವು ಏಕವಚನದಲ್ಲಿ ಕರೆದರೆ ವಾಚಕರು ತಪ್ಪು ತಿಳಿಯಬಾರದು. ಆ ಷೆಡ್ಡಿನ ಮಟ್ಟಿಗೆ ಅವರೆಲ್ಲ ಹುಡುಗರೇ.

ಮೊದಲ ವರ್ಷವೇ ಬಂದವನು ಜಾನ್ ಸರ್ಟೀಸ್. ಮೋಟಾರು ಸೈಕಲಿನಲ್ಲಿ ಆಗಲೇ ವಿಶ್ವ ಚಾಂಪಿಯನ್ ಆಗಿದ್ದವನು. ಆದರೆ ಕಾರಿನ ಓಟದಲ್ಲಿ ಒಮ್ಮೆಯೂ ಓಡಿದವನಲ್ಲ. 1960ರ ಮಾರ್ಚ್ ತಿಂಗಳಲ್ಲಿ ಗುಡ್‌ವುಡ್ ಪಥದಲ್ಲಿ ಟಿರೆಲ್ ಅವರ ಕೂಪರ್ ಕಾರಿನಲ್ಲಿ ಕುಳಿತು ಮೊದಲ ಓಟದಲ್ಲೇ ಎರಡನೆಯವನಾಗಿ ಬಂದ. ಅವನಿಗಿಂತ ಮುಂದೆ ಬಂದವನು ಜಿಮ್ ಕ್ಲಾರ್ಕ್. ನಾಲ್ಕು ವರ್ಷಗಳ ಬಳಿಕ, 1964ರಲ್ಲಿ, ಸರ್ಟೀಸ್ ಫೆರಾರಿ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ. ಎರಡು ಗಾಲಿಯಲ್ಲೂ ನಾಲ್ಕು ಗಾಲಿಯಲ್ಲೂ ಆ ಪದವಿ ಪಡೆದವನು ಇಂದಿನವರೆಗೂ ಅವನೊಬ್ಬನೇ.

ಆದರೆ ಟಿರೆಲ್ ಅವರ ಹೆಸರಿನೊಂದಿಗೆ ಎಂದೆಂದಿಗೂ ಅಂಟಿಕೊಂಡಿರುವ ಹುಡುಗ ಸ್ಕಾಟ್ಲೆಂಡಿನ ಜ್ಯಾಕಿ ಸ್ಟುವರ್ಟ್. ಅವನ ಕತೆಯನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಸ್ವಲ್ಪ ಸಾವಕಾಶವಾಗಿ ಹೇಳುವುದು ನಮಗೆ ಅಗತ್ಯವೆಂದು ಕಾಣುತ್ತದೆ.

ಶಾಲೆಯಲ್ಲಿ ಸ್ಟುವರ್ಟನಿಗೆ ಓದು ಹತ್ತಲಿಲ್ಲ. ಪುಸ್ತಕ ಹಿಡಿದು ಎದ್ದು ನಿಂತರೆ ಅಕ್ಷರಗಳು ಕಲಸಿಹೋಗುತ್ತಿದ್ದುವು. ಗುರುಗಳು ದಡ್ಡನೆಂದರು, ಜೊತೆಯ ಮಕ್ಕಳು ನಕ್ಕರು. ಹದಿನೈದು ಹದಿನಾರರ ಪ್ರಾಯಕ್ಕೆ ಶಾಲೆ ಬಿಟ್ಟು ತಂದೆಯ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತ. ಅದು ಡಿಸ್ಲೆಕ್ಸಿಯಾ ಎಂಬ ತೊಡಕೆಂದೂ ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲವೆಂದೂ ಅವನಿಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ತನ್ನ ಮಗನಿಗೂ ಅದೇ ತೊಂದರೆ ಇರುವುದು ಗೊತ್ತಾದಾಗ. ಹುಡುಗನಿಗೆ ಮೊದಲು ಗೌರವ ಸಿಕ್ಕಿದ್ದು ಕೋವಿಯ ಗುರಿಯಲ್ಲಿ. ಹಾರುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ಸ್ಪರ್ಧೆಯಲ್ಲಿ ಎಷ್ಟು ನಿಪುಣನಾದನೆಂದರೆ 1960ರ ಒಲಿಂಪಿಕ್ಸ್ ತಂಡ ಕೂದಲೆಳೆಯಲ್ಲಿ ತಪ್ಪಿತು. ಗ್ಯಾರೇಜಿನ ಗಿರಾಕಿಯೊಬ್ಬರು ತಮ್ಮ ಕಾರನ್ನು ಓಡಿಸಲು ಕೊಟ್ಟರು. ಅಣ್ಣ ಜಿಮ್ಮಿ ಓಟದಲ್ಲಿ ಗಾಯಗೊಂಡಿದ್ದರಿಂದ ತಾಯಿಗೆ ಓಟವೆಂದರೆ ಆಗದು. ಆಕೆಗೆ ತಿಳಿಯದಂತೆ ಸುಳ್ಳು ಹೆಸರಿನಲ್ಲಿ ಓಡಿದ್ದೂ ಉಂಟು. ಇದನ್ನು ನಾವು ಮೆಚ್ಚಿ ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇವೆ.

ಗುಡ್‌ವುಡ್ ಪಥದ ವ್ಯವಸ್ಥಾಪಕರು ಈ ಹುಡುಗನನ್ನು ಕಂಡು ಟಿರೆಲ್ ಅವರ ಕಿವಿಗೆ ಹಾಕಿದರು. ಟಿರೆಲ್ ಜಿಮ್ಮಿಗೆ ಟೆಲಿಫೋನ್ ಮಾಡಿ, ತಮ್ಮನನ್ನು ಒಮ್ಮೆ ಕಳುಹಿಸುವೆಯಾ ಎಂದು ಕೇಳಿದರು. 1964ರ ಓಟಗಳು ಆರಂಭವಾಗುವ ಮುನ್ನ ಗುಡ್‌ವುಡ್‌ನಲ್ಲಿ ಪರೀಕ್ಷೆ ನಡೆಯಿತು. ಅಂದು ಹೊಸ ಫಾರ್ಮುಲಾ ತ್ರೀ ಕೂಪರನ್ನು ಓಡಿಸಿ ನೋಡುತ್ತಿದ್ದವನು ಬ್ರೂಸ್ ಮೆಕ್‌ಲಾರೆನ್. ಫಾರ್ಮುಲಾ ಒನ್‌ನಲ್ಲಿ ಗೆದ್ದ ಅನುಭವಿ. ಅವನು ಹಾಕಿದ ವೇಗವೇ ಅಳತೆಗೋಲು. ಹೊಸ ಹುಡುಗ ಅದರ ಹತ್ತಿರ ಬಂದರೆ ಸಾಕೆಂಬ ನಿರೀಕ್ಷೆ. ಸ್ಟುವರ್ಟ್ ಕೆಲವು ಸುತ್ತು ಹಾಕಿ ಮೆಕ್‌ಲಾರೆನನ ವೇಗವನ್ನು ಮೀರಿದ. ಮೆಕ್‌ಲಾರೆನ್ ಮತ್ತೆ ಹೋಗಿ ಇನ್ನೂ ವೇಗವಾಗಿ ಓಡಿದ. ಸ್ಟುವರ್ಟ್ ಮತ್ತೆ ಹೋಗಿ ಅದನ್ನೂ ಮೀರಿದ. ಟಿರೆಲ್ ಅವರಿಗೆ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ. ಯಾವ ತರಗತಿ ಪಾಸಾಗಿದ್ದೀ ಎಂಬ ಮಾತು ಅಲ್ಲಿ ಬರಲೇ ಇಲ್ಲ.

ಮಾರ್ಚ್ 15ರಂದು ಸ್ನೆಟರ್‌ಟನ್ ಎಂಬಲ್ಲಿ ಮಳೆ ಹೊಯ್ಯುತ್ತಿದ್ದಂತೆಯೇ ಮೊದಲ ಓಟ. ಎರಡು ಸುತ್ತು ಮುಗಿಯುವಾಗ ಸ್ಟುವರ್ಟ್ ಉಳಿದವರಿಗಿಂತ 25 ಸೆಕೆಂಡು ಮುಂದಿದ್ದ. ಕೊನೆಗೆ ಗೆದ್ದ ಅಂತರ 44 ಸೆಕೆಂಡು. ಕೆಲವೇ ದಿನಗಳಲ್ಲಿ ಕೂಪರ್ ಕಂಪೆನಿಯವರು ನೇರವಾಗಿ ಫಾರ್ಮುಲಾ ಒನ್‌ಗೇ ಕರೆದರು. ಸ್ಟುವರ್ಟ್ ಒಲ್ಲೆನೆಂದ! ಇನ್ನೂ ಕಲಿಯುವುದಿದೆ, ಟಿರೆಲ್ ಅವರ ಬಳಿ ಕಲಿಯುತ್ತೇನೆಂಬುದು ಅವನ ನಿಲುವು. ಹುಡುಗನ ಈ ನಿರ್ಧಾರ ನಮಗೆ ಅವನ ವೇಗಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಮುಂದಿನ ವರ್ಷ ಅವನು ಬಿ.ಆರ್.ಎಂ. ಎಂಬ ದೊಡ್ಡ ತಂಡಕ್ಕೆ ಹೋದಾಗ ಟಿರೆಲ್ ಅಡ್ಡ ಬರಲಿಲ್ಲ. ಅವರ ಬಳಿ ಆಗ ಫಾರ್ಮುಲಾ ಒನ್ ಕಾರು ಇರಲಿಲ್ಲ. ಬೆಳೆದ ಹುಡುಗನನ್ನು ಚಿಕ್ಕ ಕಾರಿನಲ್ಲೇ ಕಟ್ಟಿಹಾಕುವ ಮನಸ್ಸೂ ಇರಲಿಲ್ಲ.

ಅವನ ಜಾಗಕ್ಕೆ ಬೆಲ್ಜಿಯಮ್ಮಿನ ಜಾಕಿ ಇಕ್ಸ್ ಎಂಬ ಇಪ್ಪತ್ತೊಂದರ ಹುಡುಗನನ್ನು ತಂದರು. 1967ರ ಜರ್ಮನಿಯ ಗ್ರ್ಯಾನ್ ಪ್ರಿ ಓಟದಲ್ಲಿ ಫಾರ್ಮುಲಾ ಟೂ ಕಾರುಗಳಿಗೂ ಹಿಂದಿನ ಸಾಲಿನಲ್ಲಿ ಜಾಗವಿತ್ತು. ಇಕ್ಸ್ ಟಿರೆಲ್ ಅವರ ಸಣ್ಣ ಎಂಜಿನ್ನಿನ ಕಾರಿನಲ್ಲಿ ಅಭ್ಯಾಸದ ದಿನ ಓಡಿದ ವೇಗಕ್ಕೆ ದೊಡ್ಡ ಕಾರುಗಳ ಪೈಕಿ ಎರಡೇ ಎರಡು ಸರಿಗಟ್ಟಿದುವು. ಆ ವರ್ಷ ಯುರೋಪಿನ ಫಾರ್ಮುಲಾ ಟೂ ಪ್ರಶಸ್ತಿ ಅವನದಾಯಿತು. ಮರುವರ್ಷವೇ ಫೆರಾರಿಯವರು ಅವನನ್ನು ಕರೆದುಕೊಂಡರು. ಇದು ಟಿರೆಲ್ ಅವರ ಷೆಡ್ಡಿನ ವಾಡಿಕೆಯೇ ಆಗಿಹೋಯಿತು. ಅಲ್ಲಿ ಬೆಳೆದ ಪೈರನ್ನು ಕೊಯ್ದವರು ಹೆಚ್ಚಾಗಿ ಬೇರೆಯವರು.

ಆದರೆ ಸ್ಟುವರ್ಟ್ ಹಿಂತಿರುಗಿದ. 1968ರಲ್ಲಿ ಟಿರೆಲ್ ಫ್ರಾನ್ಸಿನ ಮಾತ್ರಾ ಕಂಪೆನಿಯ ಕಾರು, ಫೋರ್ಡ್ ಕಾಸ್‌ವರ್ತ್ ಎಂಜಿನ್ನು ಎರಡನ್ನೂ ಕೂಡಿಸಿ ಫಾರ್ಮುಲಾ ಒನ್‌ಗೆ ಕಾಲಿಟ್ಟಾಗ ಚಾಲಕನಾಗಿ ಬಂದವನು ಅವನೇ. ಆ ವರ್ಷದ ಆಗಸ್ಟ್ 4ರಂದು ಜರ್ಮನಿಯ ನೂರ್ಬರ್ಗ್‌ರಿಂಗ್ ಪಥದಲ್ಲಿ ಮಳೆ, ಮಂಜು. ಮುಂದಿನ ಕಾರು ಕಾಣದು. ಸ್ಟುವರ್ಟನ ಮಣಿಕಟ್ಟಿನ ಮೂಳೆ ಮುರಿದು ಪಟ್ಟಿ ಕಟ್ಟಿತ್ತು. ಆ ಕೈಯಲ್ಲೇ ಓಡಿಸಿ ಎರಡನೆಯವನಿಗಿಂತ ನಾಲ್ಕು ನಿಮಿಷ ಮುಂದಾಗಿ ಗುರಿ ಮುಟ್ಟಿದ. ಮರುವರ್ಷ, 1969ರಲ್ಲಿ, ವಿಶ್ವ ಚಾಂಪಿಯನ್ ಆದ.

ಆಮೇಲೆ ಮಾತ್ರಾದವರು ತಮ್ಮದೇ ಎಂಜಿನ್ನು ಬಳಸಬೇಕೆಂದು ಹಟ ಹಿಡಿದರು. ಟಿರೆಲ್ ಒಪ್ಪಲಿಲ್ಲ. ಕೊಂಡ ಕಾರಿನಲ್ಲಿ ಒಂದಷ್ಟು ಕಾಲ ಸಂಭಾಳಿಸಿಕೊಂಡು, ಒಳಗಿಂದೊಳಗೆ ಡೆರೆಕ್ ಗಾರ್ಡ್ನರ್ ಎಂಬ ಎಂಜಿನಿಯರರ ಮೂಲಕ ಸ್ವಂತ ಕಾರನ್ನು ಮಾಡಿಸತೊಡಗಿದರು. ಗಾರ್ಡ್ನರರು ತಮ್ಮ ಮನೆಯಲ್ಲೇ ಕುಳಿತು ನಕ್ಷೆ ಬರೆದರು. 1970ರ ಆಗಸ್ಟಿನಲ್ಲಿ ಆ ನೀಲಿ ಕಾರು ಜನರೆದುರು ಬಂದಾಗಲೇ ವಿಷಯ ಎಲ್ಲರಿಗೂ ತಿಳಿದದ್ದು. 1971ರಲ್ಲಿ ಸ್ಟುವರ್ಟನಿಗೆ ಚಾಲಕರ ಪ್ರಶಸ್ತಿ, ಟಿರೆಲ್ ಅವರಿಗೆ ಕಾರು ತಯಾರಕರ ಪ್ರಶಸ್ತಿ. ಜಗತ್ತಿನ ದೊಡ್ಡ ಮೋಟಾರು ಕಂಪೆನಿಗಳ ನಡುವೆ ಹಲಗೆ ಮಾರುವ ಅಂಗಳವೊಂದು ಮೊದಲ ಸ್ಥಾನದಲ್ಲಿ ನಿಂತಿತು.

ಈಗ ಹೇಳಬೇಕಾದ ಭಾಗ ಕಷ್ಟದ್ದು. ಆ ಕಾಲದ ಓಟವೆಂದರೆ ಸಾವಿನ ನೆರಳಿನ ಓಟ. ಗುಡ್‌ವುಡ್‌ನಲ್ಲಿ ಸ್ಟುವರ್ಟನಿಗೆ ಅಳತೆಗೋಲಾಗಿದ್ದ ಮೆಕ್‌ಲಾರೆನ್ 1970ರ ಜೂನ್ 2ರಂದು ಅದೇ ಗುಡ್‌ವುಡ್‌ನಲ್ಲಿ ಕಾರು ಪರೀಕ್ಷಿಸುತ್ತಿದ್ದಾಗ ಮಡಿದ. ಜಿಮ್ ಕ್ಲಾರ್ಕ್ 1968ರಲ್ಲೇ ಹೋಗಿದ್ದ. ಸ್ಟುವರ್ಟ್ ಸ್ವತಃ 1966ರಲ್ಲಿ ಬೆಲ್ಜಿಯಮ್ಮಿನಲ್ಲಿ ಉರುಳಿದ ಕಾರಿನೊಳಗೆ ಪೆಟ್ರೋಲಿನಲ್ಲಿ ತೊಯ್ದು ಸಿಕ್ಕಿಬಿದ್ದಿದ್ದ. ಸಹ ಚಾಲಕರಿಬ್ಬರು ನೋಡುಗರೊಬ್ಬರಿಂದ ಸ್ಪ್ಯಾನರ್ ಎರವಲು ಪಡೆದು ಅವನನ್ನು ಬಿಡಿಸಿದರು. ಅಂದಿನಿಂದ ಅವನು ಬೇಲಿ, ವೈದ್ಯರು, ಬೆಂಕಿ ನಂದಿಸುವವರು, ಸೀಟ್ ಬೆಲ್ಟ್ ಇವೆಲ್ಲ ಬೇಕೆಂದು ಎಲ್ಲೆಡೆ ವಾದಿಸುತ್ತ ಬಂದ. ಹೇಡಿಯೆಂದು ಹೀಗಳೆದವರು ಬಹಳ ಮಂದಿ. ಇಂದು ಚಾಲಕರು ಗಂಟೆಗೆ 300 ಕಿಲೋಮೀಟರ್ ವೇಗದ ಕಾರು ಗೋಡೆಗೆ ಬಡಿದರೂ ಎದ್ದು ನಡೆದು ಬರುವುದರಲ್ಲಿ ಆ ವಾದದ ಪಾಲು ದೊಡ್ಡದು.

1970ರ ನಡುವಿನಲ್ಲಿ ಟಿರೆಲ್ ತಂಡಕ್ಕೆ ಫ್ರಾನ್ಸಿನ ಫ್ರಾನ್ಸ್ವಾ ಸೆವೆರ್ ಬಂದ. ಇವನೂ ಕಿರಿಯರ ತರಬೇತಿಯಿಂದಲೇ ಮೇಲೆ ಬಂದವನು. ಫ್ರಾನ್ಸಿನಲ್ಲಿ ಓಟದ ಶಾಲೆಯ ವಿದ್ಯಾರ್ಥಿಗಳಿಗಾಗಿ ನಡೆಯುತ್ತಿದ್ದ ವೊಲಾನ್ ಶೆಲ್ ಎಂಬ ಸ್ಪರ್ಧೆಯಲ್ಲಿ 1966ರಲ್ಲಿ ಗೆದ್ದು ಬಹುಮಾನವಾಗಿ ಕಾರನ್ನೇ ಪಡೆದಿದ್ದ. ಅಂದು ಅವನೆದುರು ಸೋತವರಲ್ಲಿ ಪಾತ್ರಿಕ್ ದೆಪಾಯೆ ಎಂಬ ಹುಡುಗನೂ ಇದ್ದ. ಆ ಹೆಸರು ಮುಂದೆ ಮತ್ತೆ ಬರಲಿದೆ. ಸೆವೆರ್ ಸುಂದರ, ಪಿಯಾನೋ ನುಡಿಸಬಲ್ಲವ, ಎಲ್ಲರಿಗೂ ಬೇಕಾದವ. ಸ್ಟುವರ್ಟ್ ಅವನಿಗೆ ತನಗೆ ಗೊತ್ತಿದ್ದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಕಲಿಸಿದ. ಯಾವ ತಿರುವಿನಲ್ಲಿ ಯಾವ ಗೇರು, ಬ್ರೇಕಿನ ಮೇಲೆ ಕಾಲು ಎಲ್ಲಿ, ಅವಸರ ಎಲ್ಲಿ ಕೂಡದು, ಎಲ್ಲವನ್ನೂ. ಒಂದೇ ತಂಡದ ಇಬ್ಬರು ಚಾಲಕರು ಒಬ್ಬರಿಂದೊಬ್ಬರು ಗುಟ್ಟು ಮುಚ್ಚಿಡುವುದೇ ಆ ಲೋಕದ ರೂಢಿ. ಟಿರೆಲ್ ಅವರ ಮನೆಯಲ್ಲಿ ಮಾತ್ರ ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಪಾಠ ಹೇಳುತ್ತಿದ್ದ. 1971ರ ಅಕ್ಟೋಬರಿನಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಸೆವೆರ್ ತನ್ನ ಮೊದಲ ಗ್ರ್ಯಾನ್ ಪ್ರಿ ಗೆದ್ದ.

1973 ಬಂತು. ವರ್ಷದ ಕೊನೆಗೆ ಓಟ ಬಿಡುವುದೆಂದು ಸ್ಟುವರ್ಟ್ ನಿರ್ಧರಿಸಿ, ಏಪ್ರಿಲಿನಲ್ಲಿ ಟಿರೆಲ್ ಅವರಿಗೆ ತಿಳಿಸಿದ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಉಳಿದ ಓಟಗಳನ್ನು ಆಕೆ ಎಣಿಸುತ್ತ ಕೂರುವಳೆಂಬ ಅಂಜಿಕೆ. ತನ್ನ ಪಟ್ಟ ಸೆವೆರನಿಗೆಂದು ಗುರುಶಿಷ್ಯರಿಬ್ಬರೂ ನಿಶ್ಚಯಿಸಿದರು. ಆದರೆ ಸೆವೆರನಿಗೂ ವಿಷಯ ತಿಳಿಸಲಿಲ್ಲ. ಆ ವರ್ಷ ಮೂರು ಓಟಗಳಲ್ಲಿ ಸ್ಟುವರ್ಟ್ ಮೊದಲಿಗ, ಅವನ ಬೆನ್ನಿಗೆ ಸೆವೆರ್. ನೂರ್ಬರ್ಗ್‌ರಿಂಗಿನಲ್ಲಿ ಸೆವೆರ್ ಮನಸ್ಸು ಮಾಡಿದ್ದರೆ ತನ್ನನ್ನು ದಾಟಬಹುದಾಗಿತ್ತೆಂದೂ, ದಾಟಲಿಲ್ಲವೆಂದೂ ಸ್ಟುವರ್ಟನೇ ಮುಂದೆ ಒಪ್ಪಿಕೊಂಡಿದ್ದಾನೆ. ಮೂರನೆಯ ಬಾರಿ ವಿಶ್ವ ಚಾಂಪಿಯನ್ ಪದವಿ ಸ್ಟುವರ್ಟನಿಗೆ ಸಿಕ್ಕಿತು. ವರ್ಷದ ಕೊನೆಯ ಓಟ ಬಂತು. ಅದು ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಸ್ಟುವರ್ಟನಿಗೆ ಅದು ನೂರನೆಯದಾಗಬೇಕಿತ್ತು.

1973ರ ಅಕ್ಟೋಬರ್ 6, ಶನಿವಾರ. ಅಭ್ಯಾಸದ ವೇಳೆ ಸೆವೆರನ ಕಾರು ಪಥದ ಬದಿಯ ಉಕ್ಕಿನ ಬೇಲಿಗೆ ಅಪ್ಪಳಿಸಿತು. ಅವನು ಅಲ್ಲೇ ಪ್ರಾಣ ಬಿಟ್ಟ. ವಯಸ್ಸು 29. ಮುಂದಿನ ವರ್ಷ ತಂಡದ ಮೊದಲ ಚಾಲಕ ತಾನೇ ಎಂಬುದು ಅವನಿಗೆ ತಿಳಿಯಲೇ ಇಲ್ಲ. ಟಿರೆಲ್ ಉಳಿದ ಕಾರುಗಳನ್ನೂ ಓಟದಿಂದ ಹಿಂತೆಗೆದರು. ಸ್ಟುವರ್ಟ್ ನೂರನೆಯ ಓಟ ಓಡಲಿಲ್ಲ. ಅವನ ಲೆಕ್ಕ 99 ಓಟ, 27 ಜಯ ಎಂಬಲ್ಲಿಗೇ ನಿಂತುಹೋಯಿತು.

ಹುಡುಗರನ್ನು ಬೆಳೆಸುವವನ ಎದೆಯಲ್ಲಿ ಆ ದಿನ ಏನು ನಡೆಯಿತೆಂದು ಊಹಿಸಿ ಬರೆಯುವ ಧೈರ್ಯ ನಮಗಿಲ್ಲ. ಮನೆಯವರು ನಂಬಿ ಕಳುಹಿಸಿದ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಗುರುಗಳಿಗೆ, ನದಿಯ ಬದಿಯಲ್ಲಿ ಮಕ್ಕಳ ತಲೆ ಎಣಿಸುವಾಗ ಒಂದು ಕಡಮೆಯಾದರೆ ಆಗುವ ತಳಮಳ ಗೊತ್ತಿದೆ. ಇದು ಅದಕ್ಕೂ ಮಿಗಿಲು. ಇಷ್ಟು ಮಾತ್ರ ಹೇಳಬಹುದು: ಟಿರೆಲ್ ಅಂಗಡಿ ಮುಚ್ಚಲಿಲ್ಲ. ಮುಂದಿನ ವರ್ಷಕ್ಕೆ ಹೆಸರಾಂತ ಚಾಂಪಿಯನ್ ಒಬ್ಬನನ್ನು ತರಲೂ ಇಲ್ಲ. ಮತ್ತೆ ಇಬ್ಬರು ಹೊಸಬರನ್ನೇ ಕಾರಿನಲ್ಲಿ ಕೂರಿಸಿದರು.

ಒಬ್ಬ ದಕ್ಷಿಣ ಆಫ್ರಿಕದ ಜೋಡಿ ಶೆಕ್ಟರ್. 1973ರಲ್ಲಿ ಸಿಲ್ವರ್‌ಸ್ಟೋನಿನಲ್ಲಿ ಮೊದಲ ಸುತ್ತಿನಲ್ಲೇ ತಿರುಗಿ ನಿಂತು ಹಲವು ಕಾರುಗಳನ್ನು ಪುಡಿಗೈದವನೆಂದು ಕೆಟ್ಟ ಹೆಸರು ಹೊತ್ತವನು. ಅವನನ್ನು ಓಟದಿಂದಲೇ ಹೊರಗಿಡಬೇಕೆಂದವರಿದ್ದರು. ಸೆವೆರನ ಅಪಘಾತದ ಸ್ಥಳಕ್ಕೆ ಮೊದಲು ತಲಪಿದ ಚಾಲಕನೂ ಅವನೇ. ಅಂದಿನಿಂದ ಅವನ ಓಟದ ರೀತಿಯೇ ಬದಲಾಯಿತು. ಇನ್ನೊಬ್ಬ, ಮೊದಲು ಹೇಳಿದ ದೆಪಾಯೆ. ತನ್ನನ್ನು ಅಂದು ಸೋಲಿಸಿದವನ ಜಾಗಕ್ಕೆ ಬಂದು ಕುಳಿತ. 1974ರ ಜೂನಿನಲ್ಲಿ ಸ್ವೀಡನ್ನಿನಲ್ಲಿ ಶೆಕ್ಟರ್ ಮೊದಲಿಗನೂ ದೆಪಾಯೆ ಎರಡನೆಯವನೂ ಆದರು. ಶೆಕ್ಟರ್ 1979ರಲ್ಲಿ ವಿಶ್ವ ಚಾಂಪಿಯನ್ ಆದ, ಫೆರಾರಿ ಕಾರಿನಲ್ಲಿ. ಸರ್ಟೀಸ್, ಸ್ಟುವರ್ಟ್, ಶೆಕ್ಟರ್: ನಾವು ಮೊದಲಿಗೆ ಹೇಳಿದ ಮೂವರು ಇವರು.

ಆರು ಗಾಲಿಯ ಕಾರಿನ ವಿಚಾರ ಹೇಳದಿದ್ದರೆ ನಮ್ಮ ಮಕ್ಕಳು ಒಪ್ಪಲಾರರು. ಗಾಳಿಯ ತಡೆ ತಗ್ಗಲೆಂದು ಮುಂದೆ ಎರಡು ದೊಡ್ಡ ಗಾಲಿಗಳ ಬದಲು ನಾಲ್ಕು ಪುಟ್ಟ ಗಾಲಿಗಳನ್ನು ಗಾರ್ಡ್ನರರು ಜೋಡಿಸಿದರು. ಗಾಲಿಗಳ ಅಡ್ಡಳತೆ ಹತ್ತೇ ಅಂಗುಲ. ಮೊದಲು ಕಂಡವರು ತಮಾಷೆಯೆಂದುಕೊಂಡರು. 1976ರಲ್ಲಿ ಸ್ವೀಡನ್ನಿನಲ್ಲಿ ಅದೇ ಕಾರುಗಳು ಮೊದಲನೆಯ, ಎರಡನೆಯ ಸ್ಥಾನ ಗೆದ್ದುವು. ಆದರೆ ಅಷ್ಟು ಚಿಕ್ಕ ಟಯರು ಬೇರಾರಿಗೂ ಬೇಡವಾದುದರಿಂದ ಟಯರು ಕಂಪೆನಿಯವರು ಅದನ್ನು ಸುಧಾರಿಸುವ ಗೋಜಿಗೆ ಹೋಗಲಿಲ್ಲ. 1977ರ ಕೊನೆಗೆ ಆ ಕಾರು ಮೂಲೆ ಸೇರಿತು.

ಅನಂತರದ ಇಪ್ಪತ್ತು ವರ್ಷ ಇಳಿಜಾರಿನ ದಾರಿ. ದೊಡ್ಡ ಕಂಪೆನಿಗಳ ಹಣ ಓಟದೊಳಕ್ಕೆ ಹೊಳೆಯಂತೆ ಹರಿಯಿತು. ಟಿರೆಲ್ ಅವರ ಕಾರು ಕೆಲವು ಓಟಗಳಲ್ಲಿ ಯಾವ ಜಾಹೀರಾತೂ ಇಲ್ಲದೆ ಬೋಳಾಗಿ ಓಡಿತು. 1984ರಲ್ಲಿ ಕಾರಿನ ತೂಕ ಮತ್ತು ನೀರಿನ ಟ್ಯಾಂಕಿನಲ್ಲಿ ಸಿಕ್ಕಿದ ಸೀಸದ ಗುಂಡುಗಳ ವಿಷಯದಲ್ಲಿ ಆಪಾದನೆ ಬಂದು, ತಂಡದ ಆ ವರ್ಷದ ಫಲಿತಾಂಶಗಳೆಲ್ಲ ಅಳಿಸಿಹೋದುವು. ಮೋಸ ಮಾಡಿಲ್ಲವೆಂದು ಟಿರೆಲ್ ಕೊನೆಯವರೆಗೂ ಸಾಧಿಸಿದರು. ತೀರ್ಪು ಬದಲಾಗಲಿಲ್ಲ. ಮೊನಾಕೋದ ಮಳೆಯಲ್ಲಿ ದುರ್ಬಲ ಎಂಜಿನ್ನಿನ ಕಾರನ್ನು ಮೂರನೆಯ ಸ್ಥಾನಕ್ಕೆ ತಂದಿದ್ದ ಸ್ಟೆಫಾನ್ ಬೆಲ್ಲೊಫ್ ಎಂಬ ಜರ್ಮನ್ ಹುಡುಗನ ಸಾಧನೆಯೂ ದಾಖಲೆಯಿಂದ ಹೋಯಿತು. ಮರುವರ್ಷ ಅವನು ಬೇರೊಂದು ತಂಡದ ಕಾರಿನಲ್ಲಿ ಬೆಲ್ಜಿಯಮ್ಮಿನಲ್ಲಿ ಮಡಿದ.

ಹಣ ಬತ್ತಿದರೂ ಕಣ್ಣು ಬತ್ತಲಿಲ್ಲ. ಇಟಲಿಯ ಮಿಕೆಲೆ ಆಲ್ಬೊರೆಟೊ 1981ರಲ್ಲಿ ಇಲ್ಲಿಯೇ ಆರಂಭಿಸಿ, 1983ರಲ್ಲಿ ಡೆಟ್ರಾಯಿಟಿನಲ್ಲಿ ಗೆದ್ದ. ಟಿರೆಲ್ ತಂಡದ ಕೊನೆಯ ಗೆಲುವು ಅದು. 1989ರಲ್ಲಿ ಜ್ಯಾಂ ಅಲೇಸಿ ಎಂಬ ಹುಡುಗ ಫ್ರಾನ್ಸಿನಲ್ಲಿ ಮೊದಲ ಓಟದಲ್ಲೇ ನಾಲ್ಕನೆಯವನಾದ. ಮರುವರ್ಷ ಅಮೆರಿಕದ ಫೀನಿಕ್ಸ್‌ನಲ್ಲಿ ಮಹಾ ಚಾಂಪಿಯನ್ ಸೆನ್ನಾನನ್ನು ಬಹಳ ಹೊತ್ತು ಹಿಂದೆಯೇ ಇಟ್ಟ. ಅವನನ್ನೂ ಫೆರಾರಿಯವರೇ ಕೊಂಡೊಯ್ದರು.

1997ರ ಕೊನೆಗೆ ತಂಡವನ್ನು ಮಾರದೆ ಗತ್ಯಂತರವಿಲ್ಲವಾಯಿತು. ಕೊಂಡವರು ಒಂದು ವರ್ಷ ಹಳೆಯ ಹೆಸರಿನಲ್ಲೇ ನಡೆಸಲಿದ್ದರು, ಟಿರೆಲ್ ಹಿರಿಯರಾಗಿ ಜೊತೆಗಿರಬೇಕಿತ್ತು. ಆಗ ಚಾಲಕನ ಪ್ರಶ್ನೆ ಬಂತು. ಟಿರೆಲ್ ಅವರಿಗೆ ಬೇಕಾಗಿದ್ದವನು ಹಿಂದಿನ ವರ್ಷ ಓಡಿಸಿದ್ದ ಹಾಲೆಂಡಿನ ಯೋಸ್ ವೆರ್‌ಸ್ಟಾಪನ್. ಹೊಸ ಒಡೆಯರು ಪ್ರಾಯೋಜಕರ ಹಣ ತರುವ ಇನ್ನೊಬ್ಬನನ್ನು ಆರಿಸಿದರು. ಇಷ್ಟಕ್ಕೇ ಟಿರೆಲ್ ಎದ್ದು ಹೊರನಡೆದರು. ಮೂವತ್ತು ವರ್ಷ ಕಟ್ಟಿದ ಫಾರ್ಮುಲಾ ಒನ್ ತಂಡದ ಕೊನೆಯ ವರ್ಷವನ್ನು ಒಳಗಿದ್ದು ನೋಡಲಿಲ್ಲ. ಎಪ್ಪತ್ತಮೂರರ ವೃದ್ಧರು ಅಷ್ಟು ಹಟ ಮಾಡಬೇಕಿತ್ತೇ ಎಂದು ಅಂದೂ ಕೇಳಿದವರಿದ್ದರು. ನಮಗಂತೂ ಅದು ಹಟವೆನಿಸುವುದಿಲ್ಲ. ಗುಡ್‌ವುಡ್‌ನಲ್ಲಿ ಓದು ಬಾರದ ಹುಡುಗನಿಗೆ ಜಾಗ ಕೊಟ್ಟಾಗ ಹಿಡಿದಿದ್ದ ಅಳತೆಗೋಲೇ ಅವರ ಕೈಯಲ್ಲಿತ್ತು. ಆ ಯೋಸ್ ವೆರ್‌ಸ್ಟಾಪನನ ಮಗನೇ 2021ರಿಂದ 2024ರ ತನಕ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್.

ಕೆನ್ ಟಿರೆಲ್ 2001ರ ಆಗಸ್ಟ್ 25ರಂದು ಕ್ಯಾನ್ಸರ್ ರೋಗದಿಂದ ಕಾಲವಾದರು. ಆಗ 77 ವಯಸ್ಸು. ಅವರು ಮಾರಿದ ತಂಡ ಕೈಯಿಂದ ಕೈಗೆ ದಾಟಿ, ಹೋಂಡಾದವರದಾಗಿ, ಬ್ರಾನ್ ಎಂಬ ಹೆಸರಿನಲ್ಲಿ 2009ರಲ್ಲಿ ಪ್ರಶಸ್ತಿ ಗೆದ್ದು, 2010ರಿಂದ ಮರ್ಸಿಡಿಸ್ ಎನಿಸಿಕೊಂಡಿದೆ. ಆಕ್ಹಮ್‌ನ ಮರದ ಷೆಡ್ಡನ್ನು ಹಲಗೆ ಹಲಗೆಯಾಗಿ ಬಿಚ್ಚಿ ಬೇರೆಡೆ ಮತ್ತೆ ಕಟ್ಟಿ ಉಳಿಸಿದ್ದಾರೆ. ಅದು ಈಗ ನಿಂತಿರುವುದು ಗುಡ್‌ವುಡ್‌ನಲ್ಲಿ, ಸರ್ಟೀಸ್ ಮೊದಲ ಓಟ ಓಡಿದ, ಸ್ಟುವರ್ಟ್ ಪರೀಕ್ಷೆಗೆ ಬಂದಿದ್ದ ಅದೇ ಪಥದ ಬದಿಯಲ್ಲಿ.